‘ಎರಡೇ ನಿಮಿಷದಲ್ಲಿ ನಿಮ್ಮದೇ ಸರ್ವರ್’ ಎನ್ನುವ ತರಬೇತಿಗೆ ಹಣ ಕಟ್ಟುವ ಮುನ್ನ

ಸ್ವಂತ ಜಾಲತಾಣವನ್ನು ಕ್ಲೌಡ್‌ನಲ್ಲಿ ನಡೆಸಲು ಕಲಿಸುತ್ತೇವೆ ಎಂದ ಆನ್‌ಲೈನ್ ತರಬೇತಿಯೊಂದಕ್ಕೆ ಸೇರಿ ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ತರಬೇತಿಯ ಹೆಸರು ಹೇಳುವುದಿಲ್ಲ. ಇದೇ ಧಾಟಿಯವು ಇನ್ನೂ ಹಲವಿವೆ. ಹೆಸರಿಗಿಂತ ಲಕ್ಷಣ ತಿಳಿದಿದ್ದರೆ ಹೆಚ್ಚು ಉಪಯೋಗ. ಲಕ್ಷಣ ಇದು: ಮೊದಲ ಪಾಠದಲ್ಲೇ ‘ನಾವು ಸಿದ್ಧಪಡಿಸಿದ ಸರ್ವರ್ ಇಮೇಜ್ ಹಾಕಿಕೊಳ್ಳಿ, ಬೇಕಾದದ್ದೆಲ್ಲ ಅದರೊಳಗೇ ಇದೆ’ ಎನ್ನುತ್ತಾರೆ. ಇಮೇಜ್ ಎಂದರೆ ತಂತ್ರಾಂಶಗಳೆಲ್ಲ ಆಗಲೇ ತುಂಬಿರುವ, ಸರ್ವರ್‌ನ ಸಿದ್ಧ ಅಚ್ಚು. ತಾಣ ನಡೆಸುವ ವರ್ಡ್‌ಪ್ರೆಸ್, ಡೇಟಾಬೇಸ್, ಬೇಗ ಬೇಕಾಗುವ ಮಾಹಿತಿಯನ್ನು ಮೆಮೊರಿಯಲ್ಲಿ ಇಡುವ ರೆಡಿಸ್ ಎಲ್ಲವೂ ಡಾಕರ್ ಕಂಟೇನರ್‌ಗಳಲ್ಲಿ (ಪ್ರೋಗ್ರಾಂಗಳನ್ನು ಬೇರೆಬೇರೆಯಾಗಿ ಇಟ್ಟು ಓಡಿಸುವ ಡಬ್ಬಿಗಳಲ್ಲಿ) ಆಗಲೇ ಓಡುತ್ತಿರುತ್ತವೆ. ತಾಣ ಥಟ್ಟನೆ ತೆರೆದುಕೊಳ್ಳುತ್ತದೆ. ಅವು ಹೇಗೆ ಓಡುತ್ತಿವೆ ಎಂಬ ಪಾಠ ಮಾತ್ರ ಕೊನೆಯವರೆಗೂ ಬರುವುದಿಲ್ಲ.

ಕೆಲವು ವಾರ ಎಲ್ಲವೂ ಸರಿಯಾಗಿತ್ತು. ಆಮೇಲೆ ತಾಣ ನಿಧಾನವಾಯಿತು. ಬೆನ್ನಿಗೇ ಕ್ಲೌಡ್ ಕಂಪನಿಯಿಂದ ನೋಟಿಸು: ನಿಮ್ಮ ವಿಳಾಸದಿಂದ ಬೇರೆಯವರ ಸರ್ವರ್‌ಗಳ ಪೋರ್ಟ್‌ಗಳನ್ನು (ಸಂಪರ್ಕದ ಬಾಗಿಲುಗಳನ್ನು) ತಡಕಾಡಲಾಗುತ್ತಿದೆ, ನಿಲ್ಲಿಸದಿದ್ದರೆ ಸಂಪರ್ಕ ಕಡಿಯುತ್ತೇವೆ ಎಂದು.

ಪ್ರಾಸೆಸ್‌ಗಳ, ಅಂದರೆ ಓಡುತ್ತಿರುವ ಪ್ರೋಗ್ರಾಂಗಳ, ಪಟ್ಟಿ ತೆಗೆದರೆ ಒಂದೇ ಪ್ರಾಸೆಸ್ ಸಿಪಿಯುವನ್ನು ಪೂರ್ತಿ ನುಂಗುತ್ತಿತ್ತು. ಅದರ ಹೆಸರು ಲಿನಕ್ಸ್ ಕರ್ನಲ್‌ನದೇ (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನದೇ) ಒಂದು ಪ್ರಾಸೆಸ್‌ನ ಹೆಸರು. ಕೊನೆಗೆ ‘ಐ’ ಎಂಬ ಒಂದಕ್ಷರ ಹೆಚ್ಚಿಗೆ, ಅಷ್ಟೇ. ಕಣ್ಣು ಜಾರಿದರೆ ಗೊತ್ತೇ ಆಗುವುದಿಲ್ಲ. ಅದು ಕ್ರಿಪ್ಟೋ ನಾಣ್ಯ ಗಣಿ ಮಾಡುವ ಪ್ರೋಗ್ರಾಂ. ಕೊಂದರೆ ಮತ್ತೆ ಎದ್ದು ಕೂರುತ್ತಿತ್ತು, ಏಕೆಂದರೆ ಅದನ್ನು ಕಾಯಲು ಕಿನ್ಸಿಂಗ್ ಎಂಬ ಇನ್ನೊಂದು ಪ್ರೋಗ್ರಾಂ ಪಕ್ಕದಲ್ಲೇ ಇತ್ತು. ಬೇರೆಯವರ ಪೋರ್ಟ್ ತಡಕಾಡುತ್ತಿದ್ದುದೂ ಇದೇ.

ಒಳಗೆ ಬಂದ ದಾರಿ ರೆಡಿಸ್. ಡಾಕರ್‌ನ ಅಧಿಕೃತ ರೆಡಿಸ್ ಇಮೇಜ್‌ನಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ಹೊರಗಿನವರನ್ನು ತಡೆಯುವ ‘ಪ್ರೊಟೆಕ್ಟೆಡ್ ಮೋಡ್’ ಕೂಡ ಮೊದಲಿನಿಂದಲೇ ಆಫ್ ಆಗಿರುತ್ತದೆ. ಒಳಗಿನ ನೆಟ್‌ವರ್ಕ್‌ನಲ್ಲಿ ಮಾತ್ರ ಬಳಸಿದರೆ ತೊಂದರೆಯಿಲ್ಲ. ತರಬೇತಿಯ ಈ ಮಹಾನುಭಾವರು ರೆಡಿಸ್ ಬಳಸುವ 6379ನೇ ಪೋರ್ಟನ್ನು ಹೊರಕ್ಕೆ ತೆರೆದಿಟ್ಟಿದ್ದರು. ಹೊರಗಿನ ಸಂಪರ್ಕ ತಡೆಯಲು ಸರ್ವರ್‌ನೊಳಗೇ ಇರುವ ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ 22, 80 ಮತ್ತು 443ನೇ ಪೋರ್ಟ್‌ಗಳು ಮಾತ್ರ ತೆರೆದಿವೆ ಎಂದು ತೋರಿಸುತ್ತಿತ್ತು. ಪಾಠದ ವಿಡಿಯೋದಲ್ಲೂ ಅದನ್ನೇ ಹೆಮ್ಮೆಯಿಂದ ತೋರಿಸಿದ್ದಾರೆ. ಆದರೆ ಡಾಕರ್ ಪೋರ್ಟ್ ಪ್ರಕಟಿಸುವಾಗ (ಹೊರಕ್ಕೆ ತೆರೆಯುವಾಗ) ಲಿನಕ್ಸ್‌ನ ಸಂಚಾರ ನಿಯಮಗಳ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆದುಕೊಳ್ಳುತ್ತದೆ. ಹೊರಗಿನಿಂದ ಬಂದ ಸಂಚಾರ ಯುಎಫ್‌ಡಬ್ಲ್ಯುವಿನ ನಿಯಮಗಳನ್ನು ಮುಟ್ಟದೆಯೇ ಕಂಟೇನರ್ ಸೇರುತ್ತದೆ. ಇದು ಡಾಕರ್‌ನ ದಾಖಲೆಯಲ್ಲೇ ಬರೆದಿರುವ ಸಂಗತಿ, ಗುಟ್ಟೇನಲ್ಲ. ಕ್ಲೌಡ್ ಕಂಪನಿಯ ಹೊರಗಿನ ಫೈರ್‌ವಾಲ್ ಆದರೂ ತಡೆಯುತ್ತಿತ್ತು. ಅದಕ್ಕೂ ‘ಸದ್ಯಕ್ಕೆ ತಲೆನೋವು ಬೇಡ’ ಎಂದು 0.0.0.0/0, ಅಂದರೆ ಇಡೀ ಇಂಟರ್‌ನೆಟ್ಟಿಗೆ ಎಲ್ಲ ಪೋರ್ಟ್ ತೆರೆಯುವ ನಿಯಮ ಹಾಕಿಸುತ್ತಾರೆ. ಆ ‘ಸದ್ಯ’ ಮುಗಿಯುವುದು ಯಾವ ಪಾಠದಲ್ಲಿ ಎಂದು ಹುಡುಕಿದೆ. ಇಲ್ಲ.

ತರಬೇತಿಯವರನ್ನು ಕೇಳಿದ್ದಕ್ಕೆ ‘ನಿಮ್ಮ ಪಾಸ್‌ವರ್ಡ್ ದುರ್ಬಲವಾಗಿತ್ತು’ ಎಂಬ ಉತ್ತರ ಬಂತು. ಇಲ್ಲದ ಪಾಸ್‌ವರ್ಡ್ ದುರ್ಬಲವಾಗುವುದು ಹೇಗೆ?

ಅನುಮಾನ ಬಂದು ಇಡೀ ಸರ್ವರನ್ನು ಜಾಲಾಡಿದೆ. ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ವ್ಯವಸ್ಥೆ) ಫೋಲ್ಡರ್‌ನಲ್ಲಿ ಒಳಬರಲು ಅನುಮತಿ ಇರುವ ಕೀಗಳ ಕಡತವಿದೆಯಲ್ಲ, ಅದರಲ್ಲಿ ಎರಡು ಸಾಲುಗಳಿದ್ದವು. ಒಂದು ನನ್ನದು. ಇನ್ನೊಂದರ ಕೊನೆಯಲ್ಲಿ ಯಾರದೋ ಲ್ಯಾಪ್‌ಟಾಪಿನ ಹೆಸರು. ಇಮೇಜ್ ತಯಾರಿಸಿದವರು ತಮ್ಮ ಕೀಯನ್ನು ಅಳಿಸದೆ ಬಿಟ್ಟಿದ್ದರು. ಅಂದರೆ ಆ ಇಮೇಜ್ ಹಾಕಿಕೊಂಡ ಪ್ರತಿಯೊಬ್ಬರ ಸರ್ವರ್‌ಗೂ ಆ ಲ್ಯಾಪ್‌ಟಾಪಿನಿಂದ ರೂಟ್ ಆಗಿ ನುಗ್ಗಬಹುದು. ದುರುದ್ದೇಶವೋ ಸೋಮಾರಿತನವೋ ಗೊತ್ತಿಲ್ಲ. ಬಲಿಯಾದವರಿಗೆ ಎರಡೂ ಒಂದೇ. ಡೇಟಾಬೇಸ್ ಪಾಸ್‌ವರ್ಡ್ ಕೂಡ ಇಮೇಜ್‌ನೊಳಗೇ ಬರೆದಿತ್ತು, ಆದ್ದರಿಂದ ಎಲ್ಲ ವಿದ್ಯಾರ್ಥಿಗಳದ್ದೂ ಒಂದೇ.

ಇಂಥ ಇಮೇಜ್ ನೀವೂ ಹಾಕಿಕೊಂಡಿದ್ದರೆ ಅದನ್ನು ಶುಚಿ ಮಾಡಲು ಹೋಗಬೇಡಿ. ಒಮ್ಮೆ ಒಳಹೊಕ್ಕವರು ಏನೇನು ಬಿಟ್ಟುಹೋಗಿದ್ದಾರೆಂದು ಪತ್ತೆ ಹಚ್ಚಿ ಮುಗಿಸುವುದು ಆಗದ ಕೆಲಸ. ಡೇಟಾಬೇಸ್‌ನ ಪ್ರತಿ ಮತ್ತು ಅಪ್‌ಲೋಡ್ ಮಾಡಿದ ಚಿತ್ರಗಳನ್ನು ಮಾತ್ರ ತೆಗೆದುಕೊಳ್ಳಿ. ಚಿತ್ರಗಳ ನಡುವೆ ಪಿಎಚ್‌ಪಿ ಕಡತ (ಸರ್ವರ್‌ನಲ್ಲಿ ಓಡುವ ಕೋಡ್) ಅಡಗಿದೆಯೇ ನೋಡಿ. ಕ್ಲೌಡ್ ಕಂಪನಿಯೇ ಕೊಡುವ ಡೆಬಿಯನ್ ಅಥವಾ ಉಬುಂಟು ಇಮೇಜ್‌ನಿಂದ ಹೊಸ ಸರ್ವರ್ ಕಟ್ಟಿ, ಎಲ್ಲ ಪಾಸ್‌ವರ್ಡ್ ಬದಲಿಸಿ. ರೆಡಿಸ್‌ಗೂ ಡೇಟಾಬೇಸ್‌ಗೂ ಪೋರ್ಟ್ ಪ್ರಕಟಿಸುವ ಅಗತ್ಯವೇ ಇಲ್ಲ. ಒಂದೇ ಡಾಕರ್ ನೆಟ್‌ವರ್ಕ್‌ನಲ್ಲಿದ್ದರೆ ವರ್ಡ್‌ಪ್ರೆಸ್‌ಗೆ ಅವು ಸಿಗುತ್ತವೆ. ಬೇಕೇ ಬೇಕೆಂದಾದರೆ ಪೋರ್ಟ್ ಸಂಖ್ಯೆಯ ಮುಂದೆ 127.0.0.1 (ಸರ್ವರ್‌ಗೆ ತನ್ನೊಳಗಿನಿಂದ ಮಾತ್ರ ಸಿಗುವ ವಿಳಾಸ) ಸೇರಿಸಿ. ಆಮೇಲೆ ಬೇರೊಂದು ಕಂಪ್ಯೂಟರಿನಿಂದ ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸಿ ನೋಡಿ. ಸರ್ವರ್‌ನೊಳಗೆ ಕುಳಿತು ಫೈರ್‌ವಾಲ್ ನೋಡಿದರೆ ನನಗೆ ಕಂಡ ಸುಳ್ಳೇ ನಿಮಗೂ ಕಾಣುತ್ತದೆ.

ಹಳೆಯ ಸರ್ವರನ್ನು ‘ಸ್ಟಾಪ್’ ಮಾಡಿ ಸುಮ್ಮನಾಗಬೇಡಿ. ಸಾಮಾನ್ಯವಾಗಿ ನಿಂತ ಸರ್ವರ್‌ನ ಡಿಸ್ಕಿಗೂ ಕಾದಿರಿಸಿದ ಐಪಿ ವಿಳಾಸಕ್ಕೂ ಬಿಲ್ ಬರುತ್ತಲೇ ಇರುತ್ತದೆ. ಬಜೆಟ್ ಅಲರ್ಟ್ ಇಮೇಲ್ ಕಳಿಸುತ್ತದೆಯೇ ಹೊರತು ಖರ್ಚು ನಿಲ್ಲಿಸುವುದಿಲ್ಲ.

ಇನ್ನು ತರಬೇತಿಯ ಜೊತೆಗೆ ಕೊಟ್ಟ ‘ಉಚಿತ ಡೊಮೇನ್’. ತಾಣವನ್ನು ಹೊಸ ಸರ್ವರ್‌ಗೆ ತಿರುಗಿಸಲು ಹೊರಟಾಗ ತಿಳಿಯಿತು, ಡಿಎನ್‌ಎಸ್ (ತಾಣದ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ದಾಖಲೆ) ಇರುವ ಖಾತೆ ಅವರದು, ನೋಂದಣಿಯೂ ಅವರ ಹೆಸರಿನಲ್ಲಿ. ಡೊಮೇನನ್ನು ಬೇರೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಬಳಿಗೆ ಒಯ್ಯಲು ಆಥ್ ಕೋಡ್ ಎಂಬ ಗುಪ್ತಸಂಕೇತ ಬೇಕು. ಕೇಳಿದ 5 ದಿನದೊಳಗೆ ರಿಜಿಸ್ಟ್ರಾರ್ ಅದನ್ನು ಕೊಡಬೇಕೆಂದು ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆಯಾದ ಐಕ್ಯಾನ್‌ನ ನಿಯಮ ಹೇಳುತ್ತದೆ. ಆದರೆ ಕೇಳುವ ಹಕ್ಕು ಡೊಮೇನ್ ಯಾರ ಹೆಸರಿನಲ್ಲಿದೆಯೋ ಅವರದು. ದಾಖಲೆಯಲ್ಲಿ ನನ್ನ ಹೆಸರೇ ಇರಲಿಲ್ಲ. ಪತ್ರ ಬರೆದು ಬರೆದು ಸಾಕಾಗಿ, ಬೇರೆ ಹೆಸರನ್ನು ನನ್ನದೇ ಖಾತೆಯಲ್ಲಿ ನೋಂದಾಯಿಸಿಕೊಂಡಿದ್ದೇನೆ. ಹಳೆಯ ಕೊಂಡಿಗಳೆಲ್ಲ ಈಗ ಆ ತರಬೇತಿಯ ಜಾಹೀರಾತು ಪುಟಕ್ಕೆ ಹೋಗುತ್ತಿವೆ.