ಡೈಜೆಸ್ಟರ್‌ಗೆ ಹಾಕುವ ಕಲ್ಚರ್ ಪುಡಿ: ಹುಳಿಯಾದ ಟ್ಯಾಂಕಿಗೆ ಇದು ಮದ್ದಲ್ಲ

ಮಂಡ್ಯ, ಮದ್ದೂರು ಕಡೆಯ ಡೈರಿ, ಸಕ್ಕರೆ ಘಟಕಗಳಲ್ಲಿ ಡೈಜೆಸ್ಟರ್‌ನಿಂದ (ಕೊಳಚೆನೀರನ್ನು ಗಾಳಿಯಿಲ್ಲದೆ ಕೊಳೆಸಿ ಮೀಥೇನ್ ತೆಗೆಯುವ ಟ್ಯಾಂಕು) ಗ್ಯಾಸ್ ಬರುವುದು ನಿಂತರೆ ಸಾಕು, ಕಲ್ಚರ್ ಪುಡಿ (ಸೂಕ್ಷ್ಮಜೀವಿಗಳ ಒಣಪುಡಿ) ತಂದು ಸುರಿಯುವುದು ರೂಢಿಯಾಗಿಬಿಟ್ಟಿದೆ. ದುಡ್ಡು ಕೊಡುವ ಮುಂಚೆ ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿ. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್, ಒಂದಿಷ್ಟು ಎನ್‌ಜೈಮ್, ಇಷ್ಟೇ ಇದ್ದರೆ ಅದರಲ್ಲಿ ಮೀಥೇನ್ ಕೊಡುವ ಜೀವಿ ಒಂದೂ ಇಲ್ಲ ಎಂದರ್ಥ. ಬ್ಯಾಸಿಲಸ್ ಬೀಜಾಣು ಕಟ್ಟಿಕೊಂಡು ಒಣಪುಡಿಯಲ್ಲೂ ವರ್ಷಗಟ್ಟಲೆ ಬದುಕುತ್ತದೆ. ಮೀಥೇನ್ ಕೊಡುವ ಮೀಥನೋಜೆನ್‌ಗಳು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಸೂಕ್ಷ್ಮಜೀವಿ ಗುಂಪಿನವು; ಬೀಜಾಣು ಕಟ್ಟುವುದಿಲ್ಲ, ಗಾಳಿ ತಾಗಿದರೆ ಸೊರಗುತ್ತವೆ.

ಡೈಜೆಸ್ಟರ್ ಒಳಗೆ ಕೆಲಸ ಕೈಯಿಂದ ಕೈಗೆ ಸಾಗುತ್ತದೆ. ಒಂದು ಗುಂಪು ಪಿಷ್ಟ, ಕೊಬ್ಬು, ಪ್ರೋಟೀನು ಒಡೆಯುತ್ತದೆ, ಇನ್ನೊಂದು ಅದನ್ನು ಆಮ್ಲ ಮಾಡುತ್ತದೆ. ಪ್ರೊಪಿಯೋನಿಕ್ ಆಮ್ಲವನ್ನು ಅಸಿಟಿಕ್ ಆಮ್ಲಕ್ಕೆ ಇಳಿಸುವುದು ಸಿಂಟ್ರೋಫೋಬ್ಯಾಕ್ಟರ್‌ನಂಥವುಗಳ ಪಾಲು. ಆಗ ಹುಟ್ಟುವ ಹೈಡ್ರೋಜನ್ನನ್ನು ತಿನ್ನುವ ಮೀಥನೋಜೆನ್ ಪಕ್ಕದಲ್ಲೇ ಇರಬೇಕು, ಇಲ್ಲದಿದ್ದರೆ ಅವುಗಳ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಸಿಟಿಕ್ ಆಮ್ಲದಿಂದ ಮೀಥೇನ್ ತೆಗೆಯುವ ಮೀಥನೋಸೀಟಾ ಇಮ್ಮಡಿಯಾಗಲು ಹಲವು ದಿನ ಬೇಕು. ಪುಡಿ ಬಲ ಕೊಡುವುದು ಮೊದಲ ಗುಂಪಿಗೆ ಮಾತ್ರ. ಮೊದಲೇ ಹುಳಿಯಾದ ಟ್ಯಾಂಕಿಗೆ ಇದನ್ನು ಹಾಕಿದರೆ ಆಮ್ಲ ಇನ್ನೂ ಬೇಗ ಕೂಡಿಕೊಳ್ಳಬಹುದು!

ಡೈರಿಯ ಗ್ರೀಸ್ ಟ್ರ್ಯಾಪ್‌ನಲ್ಲಿ (ಕೊಳಚೆನೀರಿನ ಜಿಡ್ಡು ತಡೆಯುವ ತೊಟ್ಟಿ) ಜಿಡ್ಡು ಕರಗಿಸಲು ಪುಡಿ ಪರವಾಗಿಲ್ಲ. ರಿಯಾಕ್ಟರ್ (ಡೈಜೆಸ್ಟರ್ ಟ್ಯಾಂಕು) ಶುರು ಮಾಡುವುದಕ್ಕೆ ಬೇಡ.

ಅದೇ ಹಣಕ್ಕೆ, ಚೆನ್ನಾಗಿ ನಡೆಯುತ್ತಿರುವ ಯುಎಎಸ್‌ಬಿ ಘಟಕದಿಂದ (ಕೊಳಚೆನೀರು ಕೆಸರಿನ ಹಾಸಿನ ಮೂಲಕ ಕೆಳಗಿನಿಂದ ಮೇಲಕ್ಕೆ ಹರಿಯುವ ಡೈಜೆಸ್ಟರ್) ಹರಳು ಕೆಸರು, ಅಂದರೆ ಸೂಕ್ಷ್ಮಜೀವಿಗಳು ಕಾಳಿನಂತೆ ಗಟ್ಟಿಯಾಗಿ ಕೂಡಿದ ಕೆಸರು, ತರಿಸಿ. ಟ್ಯಾಂಕರ್ ಬಂದ ಕೂಡಲೇ ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿ ನೋಡಿ: ಸಾಸಿವೆ ಗಾತ್ರದ ಕಪ್ಪು ಹರಳು ಒಂದು ನಿಮಿಷದೊಳಗೆ ತಳ ಸೇರಬೇಕು. ಬರೀ ತೇಲುವ ಬಗ್ಗಡವಾದರೆ ಇಳಿಸಿಕೊಳ್ಳಬೇಡಿ. ಜೋರಾಗಿ ತಿರುಗುವ ಸೆಂಟ್ರಿಫ್ಯೂಗಲ್ ಪಂಪ್ ಹರಳನ್ನು ನುಚ್ಚು ಮಾಡುತ್ತದೆ, ಆದಷ್ಟೂ ಇಳಿಜಾರಿನಲ್ಲೇ ಇಳಿಸಿ. ರಿಯಾಕ್ಟರಿನ ಕಾಲುಭಾಗದಷ್ಟು ಕೆಸರು ಇದ್ದರೆ ಚೆನ್ನು.

ರಿಯಾಕ್ಟರಿನ ಪ್ರತಿ ಘನಮೀಟರಿಗೆ ದಿನಕ್ಕೆ 1 ಕೆಜಿ ಸಿಒಡಿ (ನೀರಿನಲ್ಲಿರುವ ಕೊಳೆಯ ಅಳತೆ) ಮೀರದಂತೆ ಶುರು ಮಾಡಿ. ಆಮ್ಲ ಮತ್ತು ಕ್ಷಾರತೆಯ ಅನುಪಾತ 0.3ರ ಒಳಗಿದ್ದರೆ ಮಾತ್ರ ಏರಿಸಿ. ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಕೊಳಚೆನೀರು ಬಿಡುವುದು ನಿಲ್ಲಿಸಿ, ಸೋಡಿಯಂ ಬೈಕಾರ್ಬೊನೇಟ್ ಕೊಡಿ. ಸುಣ್ಣ ಅಗ್ಗ ನಿಜ, ಆದರೆ ಅತಿಯಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹರಳಿನ ಮೇಲೂ ಪೈಪಿನೊಳಗೂ ಗಟ್ಟಿ ಕೂರುತ್ತದೆ.

ಕಬ್ಬು ಅರೆಯುವುದು ಮುಗಿದ ಮೇಲೆ ಕೆಸರನ್ನು ಚೆಲ್ಲಬೇಡಿ. ಗಾಳಿಯಾಡದಂತೆ ಇಟ್ಟರೆ ಹರಳು ತಿಂಗಳುಗಟ್ಟಲೆ ಉಪವಾಸ ತಡೆಯುತ್ತದೆ, ಮುಂದಿನ ಹಂಗಾಮಿಗೆ ಅದೇ ಬೀಜ.