ಸೂಜಿಯ ಚಟಕ್ಕೆ ಕೇಂದ್ರಕ್ಕೆ ಸೇರಿಸೋದೋ, ದಿನದ ಮಾತ್ರೆಯೋ?

ಮಂಡ್ಯದ ಅಕ್ಕ ಒಬ್ಬರ ಪ್ರಶ್ನೆ ಇದು. ಅವರ ತಮ್ಮ ಹೆರಾಯಿನ್ ಚುಚ್ಚಿಕೊಳ್ಳುತ್ತಾನೆ, ಎಚ್‌ಐವಿ ಭಯ. ಮೈಸೂರಿನ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಲೋ, ಬುಪ್ರೆನಾರ್ಫಿನ್ ಮಾತ್ರೆ ಶುರು ಮಾಡಿಸಲೋ?

ಎಚ್‌ಐವಿ ವಿಷಯವೇ ಮೊದಲು. ಅಪಾಯ ಇರುವುದು ಒಬ್ಬರ ಸೂಜಿ, ಸಿರಿಂಜನ್ನು ಇನ್ನೊಬ್ಬರು ಬಳಸುವುದರಲ್ಲಿ. ಬುಪ್ರೆನಾರ್ಫಿನ್ ನಾಲಿಗೆ ಕೆಳಗೆ ಕರಗಿಸುವ ಮಾತ್ರೆ. ಹೆರಾಯಿನ್ ಬಿಟ್ಟಾಗ ಬರುವ ಮೈಕೈ ನೋವು, ಚಡಪಡಿಕೆ ತಡೆಯುತ್ತದೆ. ಹಾಗಾಗಿ ಸೂಜಿ ಹಿಡಿಯುವುದೇ ಕಡಿಮೆಯಾಗುತ್ತದೆ. ಇಂಥ ಬದಲಿ ಔಷಧಿ ಚಿಕಿತ್ಸೆಯಲ್ಲಿ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ‘ಒಂದು ಚಟ ಬಿಟ್ಟು ಇನ್ನೊಂದು’ ಅಂತ ಜನ ಅಂತಾರಲ್ವಾ, ದಯವಿಟ್ಟು ಅದಕ್ಕೆ ಕಿವಿಗೊಡಬೇಡಿ. ಇದು ವೈದ್ಯರು ಕೊಡುವ ಔಷಧಿ.

ವ್ಯಸನಮುಕ್ತಿ ಕೇಂದ್ರದಲ್ಲಿದ್ದಷ್ಟು ದಿನ ಸೂಜಿ ದೂರ. ಮನೆಗೆ ಬಂದ ಮೇಲೇ ಕಷ್ಟ. ಮತ್ತೆ ಶುರು ಮಾಡುವವರು ಜಾಸ್ತಿ. ಹಳೇ ಪ್ರಮಾಣ ತಡೆಯುವ ಶಕ್ತಿ ದೇಹಕ್ಕೆ ಆಗ ಇರುವುದಿಲ್ಲ, ಜೀವವೇ ಹೋಗಬಹುದು.

ಈ ಬದಲಿ ಔಷಧಿ ಕೊಡುವ ಸರ್ಕಾರಿ ಒಎಸ್‌ಟಿ ಕೇಂದ್ರದಲ್ಲಿ ಮಾತ್ರೆ ಉಚಿತ. ಆದರೆ ಸಾಮಾನ್ಯವಾಗಿ ದಿನಾ ಹೋಗಬೇಕು. ದೂರವಾದರೆ ಬಸ್ ಚಾರ್ಜು, ಅರ್ಧ ದಿನದ ಕೂಲಿ ಎರಡೂ ಹೋಗುತ್ತದೆ. ಹತ್ತಿರದ ಕೇಂದ್ರ ಯಾವುದೆಂದು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ.

ನಿಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದು, ಒಎಸ್‌ಟಿ ಕೇಂದ್ರ ಹತ್ತಿರವಿದ್ದರೆ ನಾನು ಮಾತ್ರೆ ಕಡೆಗೇ ವಾಲುತ್ತೇನೆ. ಕುಡಿತವೂ ಜೋರಾಗಿದ್ದರೆ, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ವ್ಯಸನಮುಕ್ತಿ ಕೇಂದ್ರಕ್ಕೆ ದಾಖಲಾಗುವುದೇ ಕ್ಷೇಮ. ಬಿಡುಗಡೆಯಾದ ಮೇಲೆ ಮಾತ್ರೆ ಮುಂದುವರಿಸಬಹುದೇ ಎಂದು ಸೇರಿಸುವಾಗಲೇ ಕೇಳಿ.

ಎಚ್‌ಐವಿ ಪರೀಕ್ಷೆಯನ್ನಂತೂ ತಡಮಾಡದೆ ಮಾಡಿಸಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡುತ್ತಾರೆ.