ಕಾಸು ಕೊಟ್ಟ ಕೆನ್‌ಪಾಮ್, ಪುಕ್ಕಟೆ ಟಾರ್ವಿಕ್: ಸೀಡ್ ಅಂದಾಜಿಗೆ ಯಾವುದು ಸಾಕು?

ನಾನಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಡ್ಯೂಕ್, ಯುಎನ್‌ಸಿ, ಎನ್‌ಸಿ ಸ್ಟೇಟ್ ಮೂರೂ ಕಾಲೇಜು ಅರ್ಧ ಗಂಟೆ ದಾರಿ. ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲದೆ ಬಂದವನು ಈಗ ಫೆಬ್ರವರಿ ಮುಗಿಯುವಷ್ಟರಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಯಾವ ಕಾಲೇಜಿಗೆ ಎಷ್ಟನೇ ಸೀಡ್, ಅಂದರೆ ಶ್ರೇಯಾಂಕ, ಅಂತ ಊಟದ ಟೇಬಲ್ಲಿನಲ್ಲಿ ಜಗಳಕ್ಕೆ ನಿಲ್ಲುತ್ತೇನೆ. ಆ ಜಗಳಕ್ಕೆ ಸರಕು ಒದಗಿಸುವ ಎರಡು ಸೈಟ್‌ಗಳು ಕೆನ್‌ಪಾಮ್ ಮತ್ತು ಟಾರ್ವಿಕ್.

ಹೊಸಬರಿಗೆ ಎರಡು ಮಾತು. ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ. ಅದರ ಪುರುಷರ ಟೂರ್ನಿಗೆ 2025ರಲ್ಲಿ 68 ತಂಡ. ಅದರಲ್ಲಿ 31 ತಂಡ ತಮ್ಮ ಕಾನ್ಫರೆನ್ಸ್ (ಕಾಲೇಜುಗಳ ಲೀಗ್) ಗೆದ್ದು ನೇರವಾಗಿ ಬಂದವು, ಉಳಿದ 37ನ್ನು ಆರಿಸಿದ್ದು 12 ಜನರ ಕಮಿಟಿ. ಎಲ್ಲರಿಗೂ 1ರಿಂದ 16ರವರೆಗೆ ಸೀಡ್ ಕೊಡುವುದೂ ಇದೇ ಕಮಿಟಿ.

ಮೊದಲು ಕೆನ್‌ಪಾಮ್. ಹವಾಮಾನದ ಕೆಲಸದಲ್ಲಿದ್ದ ಕೆನ್ ಪಾಮರಾಯ್ ಕಟ್ಟಿದ ಸೈಟು. ಮುಖ್ಯ ಪಟ್ಟಿ ಪುಕ್ಕಟೆ, ಒಳಗಿನ ವಿವರಕ್ಕೆ ವರ್ಷಕ್ಕೆ ಸುಮಾರು 25 ಡಾಲರ್. ನೂರು ಪೊಸೆಷನ್‌ಗೆ (ಚೆಂಡು ಕೈಗೆ ಬಂದ ಸರದಿಗೆ) ಎಷ್ಟು ಪಾಯಿಂಟ್ ಹೊಡೆದರು, ಎಷ್ಟು ಬಿಟ್ಟುಕೊಟ್ಟರು, ಎದುರಾಳಿ ಎಷ್ಟು ಗಟ್ಟಿ ಅನ್ನುವುದು ಇದರ ಜೀವಾಳ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ನೆಟ್ ರನ್ ರೇಟ್‌ಗೆ ಎದುರಾಳಿಯ ತೂಕವನ್ನೂ ಸೇರಿಸಿದ ಹಾಗೆ. ಅಚ್ಚುಕಟ್ಟಾಗಿದೆ, ಜಾಹೀರಾತಿನ ಕಾಟ ಇಲ್ಲ. 2023ರಲ್ಲಿ ಕಮಿಟಿ ಯುಕಾನ್‌ಗೆ (ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ) 4ನೇ ಸೀಡ್ ಕೊಟ್ಟಿತ್ತು, ಕೆನ್‌ಪಾಮ್ ಅದಕ್ಕಿಂತ ಮೇಲಿಟ್ಟಿತ್ತು. ಯುಕಾನ್ ಆರೂ ಪಂದ್ಯಗಳನ್ನು ಹತ್ತಕ್ಕೂ ಜಾಸ್ತಿ ಪಾಯಿಂಟ್ ಅಂತರದಲ್ಲಿ ಗೆದ್ದು ಕಪ್ ಎತ್ತಿತು.

ಹಾಗಾದರೆ ಸೀಡ್ ಹೇಳಲು ಇದೇ ಸಾಕಲ್ವಾ? ನಾನೂ ಹಾಗೇ ಅಂದುಕೊಂಡು ಎರಡು ವರ್ಷ ಬೆಪ್ಪಾದೆ. ತಂಡ ಎಷ್ಟು ಚೆನ್ನಾಗಿದೆ ಅನ್ನುವುದು ಬೇರೆ, ಈವರೆಗೆ ಏನು ಸಂಪಾದಿಸಿದೆ ಅನ್ನುವುದು ಬೇರೆ. ಸೀಡ್ ವಿಷಯದಲ್ಲಿ ಕಮಿಟಿ ಜಾಸ್ತಿ ನೋಡುವುದು ಎರಡನೆಯದನ್ನು. ಅವರ ಮುಂದೆ ಪ್ರತಿ ತಂಡದ ಒಂದು ಹಾಳೆ ಇರುತ್ತದೆ. ಗೆಲುವು ಸೋಲುಗಳನ್ನು ಅದರಲ್ಲಿ ನಾಲ್ಕು ಕ್ವಾಡ್‌ಗಳಾಗಿ ಹಂಚಿರುತ್ತಾರೆ. ನೆಟ್ ಅನ್ನುವ ಎನ್‌ಸಿಎಎದ್ದೇ ಪಟ್ಟಿಯಲ್ಲಿ ಮೊದಲ 30ರೊಳಗಿನ ತಂಡದ ಜೊತೆ ನಮ್ಮ ಅಂಗಳದಲ್ಲಿ ಆಡಿದರೆ ಅದು ಕ್ವಾಡ್ 1. ಬೇರೆಯವರ ಅಂಗಳದಲ್ಲಾದರೆ 75ನೇ ತಂಡವೂ ಕ್ವಾಡ್ 1ಕ್ಕೇ ಬರುತ್ತದೆ. ಪರ ಊರಲ್ಲಿ ಗೆಲ್ಲುವುದು ಎಷ್ಟು ಕಷ್ಟ ಅಂತ ಇದೊಂದರಲ್ಲೇ ಗೊತ್ತಾಗುತ್ತದೆ.

ಟಾರ್ವಿಕ್ ಇಲ್ಲೇ ಗೆಲ್ಲುವುದು. ಇದು ಪೂರ್ತಿ ಪುಕ್ಕಟೆ. ನೋಡಲು ಹಳೇ ಎಕ್ಸೆಲ್ ಶೀಟಿಗೆ ಬಣ್ಣ ಬಳಿದ ಹಾಗಿದೆ, ಫೋನಿನಲ್ಲಿ ಅಡ್ಡ ಹಿಡಿದೇ ಓದಬೇಕು. ಆದರೆ ಕೊಡುವ ಸೌಲಭ್ಯ ನೋಡಿ. ಫೆಬ್ರವರಿ 1ರಿಂದ ಈಚೆಗಿನ ಆಟ ಮಾತ್ರ ತೋರಿಸು ಅಂದರೆ ತೋರಿಸುತ್ತದೆ. ಟೀಮ್‌ಕಾಸ್ಟ್ ಅನ್ನುವ ಪುಟಕ್ಕೆ ಹೋಗಿ ಮುಂದಿನ ಪಂದ್ಯಗಳಲ್ಲಿ ಗೆಲುವು ಸೋಲು ನೀವೇ ಬದಲಿಸುತ್ತಾ ಹೋದರೆ ಸೀಡಿನ ಅಂದಾಜೂ ಬದಲಾಗುತ್ತದೆ. ಒಂದು ರಾತ್ರಿ ಇದರಲ್ಲಿ ಆಟ ಆಡ್ತಾ ಕೂತು ಒಲೆ ಮೇಲಿದ್ದ ಸಾರು ತಳ ಹಿಡಿಯಿತು, ಮನೆಯಲ್ಲಿ ಬೈಸಿಕೊಂಡೆ. ಡಬ್ಲ್ಯುಎಬಿ ಅನ್ನುವ ಕಾಲಮ್ಮನ್ನೂ ಬಿಡಬೇಡಿ: ಇದೇ ವೇಳಾಪಟ್ಟಿಯನ್ನು ಟೂರ್ನಿಗೆ ಆಯ್ಕೆಯಾಗುವ ಅಂಚಿನಲ್ಲಿರುವ ಮಾಮೂಲಿ ತಂಡ ಆಡಿದ್ದರೆ ಎಷ್ಟು ಗೆಲ್ಲುತ್ತಿತ್ತು, ಇವರು ಅದಕ್ಕಿಂತ ಎಷ್ಟು ಜಾಸ್ತಿ ಗೆದ್ದಿದ್ದಾರೆ ಅನ್ನುವ ಲೆಕ್ಕ. 2024-25ರಿಂದ ಕಮಿಟಿಯ ಹಾಳೆಯಲ್ಲೂ ಈ ಲೆಕ್ಕ ಬರುತ್ತಿದೆ.

ಹಾಗಂತ ಟಾರ್ವಿಕ್ ದೇವರಲ್ಲ. 2025ರಲ್ಲಿ ಯುಎನ್‌ಸಿ ಕ್ವಾಡ್ 1ರಲ್ಲಿ 13 ಆಡಿ ಗೆದ್ದದ್ದು ಒಂದೇ ಒಂದು. ಆರು ಗೆದ್ದಿದ್ದ ವೆಸ್ಟ್ ವರ್ಜೀನಿಯಾ ಹೊರಗುಳಿಯಿತು, ಯುಎನ್‌ಸಿ 11ನೇ ಸೀಡಾಗಿ ಒಳಗೆ ಬಂತು. ಯುಎನ್‌ಸಿಯ ಅಥ್ಲೆಟಿಕ್ ಡೈರೆಕ್ಟರೇ (ಕ್ರೀಡಾ ವಿಭಾಗದ ಮುಖ್ಯಸ್ಥ) ಆ ವರ್ಷ ಕಮಿಟಿಯ ಅಧ್ಯಕ್ಷ. ತಮ್ಮ ತಂಡದ ಚರ್ಚೆ ಬಂದಾಗ ಅವರು ಎದ್ದು ಹೋಗಬೇಕು ಅನ್ನುವ ನಿಯಮ ಇದೆ, ಆದರೂ ವೆಸ್ಟ್ ವರ್ಜೀನಿಯಾದ ಗವರ್ನರ್ ಪತ್ರಿಕಾಗೋಷ್ಠಿಯನ್ನೇ ಕರೆದುಬಿಟ್ಟರು. ನಾನು ಯುಎನ್‌ಸಿ ಬರೋದೇ ಇಲ್ಲ ಅಂತ ಎದುರು ಸೀಟಿನವನ ಹತ್ತಿರ ಒಂದು ವಾರದ ಕಾಫಿ ಪಣ ಕಟ್ಟಿದ್ದೆ. ಐದು ದಿನ ಕೊಡಿಸಿದೆ. ಡೇಟನ್ ಊರಲ್ಲಿ ಸ್ಯಾನ್ ಡಿಯಾಗೊ ಸ್ಟೇಟನ್ನು ಯುಎನ್‌ಸಿಯವರು 95-68ರಲ್ಲಿ ಬಡಿದಾಗ ಅವನ ನಗು ನೋಡಬೇಕಿತ್ತು. ಮುಂದಿನ ಪಂದ್ಯದಲ್ಲಿ ಓಲ್ ಮಿಸ್ ಕೈಲಿ ಸೋತರು, ನನಗೆ ಸ್ವಲ್ಪ ಸಮಾಧಾನ.

ಯಾವ ಕಾಲಮ್ಮಿನಲ್ಲೂ ಸಿಗದ ಕಾರಣಗಳೂ ಇವೆ. ಬಿವೈಯು ಚರ್ಚ್ ನಡೆಸುವ ಕಾಲೇಜು, ಭಾನುವಾರ ಆಡುವುದಿಲ್ಲ. 2024ರಲ್ಲಿ 5ನೇ ಸೀಡ್ ಸಿಗಬೇಕಿದ್ದ ತಂಡವನ್ನು ಗುರುವಾರ-ಶನಿವಾರದ ಜಾಗ ಹುಡುಕಲು 6ಕ್ಕೆ ಇಳಿಸಿದರು.

ನನ್ನ ಅಂಕ: ಟಾರ್ವಿಕ್‌ಗೆ ಐದರಲ್ಲಿ ನಾಲ್ಕೂವರೆ, ಅರ್ಧ ಕಳೆದದ್ದು ಫೋನಿನಲ್ಲಿ ಕಣ್ಣು ನೋಯುವುದಕ್ಕೆ. ಕೆನ್‌ಪಾಮ್‌ಗೆ ಸೀಡ್ ಅಂದಾಜಿನ ಮಟ್ಟಿಗೆ ಮೂರು. ಸೀಡ್ ಘೋಷಣೆ ಆದಮೇಲೆ ಯಾರು ಯಾರನ್ನು ಉರುಳಿಸಬಹುದು ಅಂತ ತಲೆ ಕೆಡಿಸಿಕೊಳ್ಳುವವರಾದರೆ 25 ಡಾಲರ್ ದಂಡ ಅಲ್ಲ. ಅದಕ್ಕೂ ಮುಂಚೆ ಸುಮ್ನೆ ಚಂದಾ ಕಟ್ಟಬೇಡಿ.